ಕರುಳಿನ ಉರಿಯೂತದ ಕಾಯಿಲೆಯಲ್ಲಿ ಐರನ್ ಮಾತ್ರೆ: ಹೀರಿಕೆಯಾಗದೆ ಉಳಿದ ಕಬ್ಬಿಣ ಬ್ಯಾಕ್ಟೀರಿಯಾಗಳಿಗೆ ಏನು ಮಾಡುತ್ತದೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಇಪ್ಪತ್ತಾರು ವರ್ಷ. ಅವಳಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವೂ ಹುಣ್ಣೂ ಆಗುವ ಕಾಯಿಲೆ ಇದೆ. ಮೆಸಲಮಿನ್ ಮಾತ್ರೆಯಿಂದ ಬಹುಕಾಲ ಹತೋಟಿಯಲ್ಲಿದ್ದ ಕಾಯಿಲೆ ಈಚೆಗೆ ಮತ್ತೆ ಕೆರಳಿದ್ದು, ಮಲದಲ್ಲಿ ರಕ್ತ ಹೋಗುತ್ತಿದೆ. ಹಿಮೋಗ್ಲೋಬಿನ್ 9.2ಕ್ಕೆ ಇಳಿದಿದೆ, ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ 48 ಇದೆ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಅಳತೆ) ಶೇ. 11 ಎಂದು ಬಂದಿದೆ, ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಹೆಚ್ಚಾಗಿದೆ. ತೂಕ 50 ಕಿಲೋ.

ನಮ್ಮ ಊರಿನ ವೈದ್ಯರು ಫೆರಸ್ ಸಲ್ಫೇಟ್ ಮಾತ್ರೆಯನ್ನು ದಿನಕ್ಕೆ ಎರಡರಂತೆ ಬರೆದುಕೊಟ್ಟರು. ಅದನ್ನು ತೆಗೆದುಕೊಳ್ಳಲು ಆರಂಭಿಸಿದ ಮೇಲೆ ಹೊಟ್ಟೆನೋವೂ ಭೇದಿಯೂ ಹೆಚ್ಚಾಗಿವೆ, ಮಲ ಕಪ್ಪಗಾಗಿದೆ. ಕಬ್ಬಿಣವು ಕರುಳಿನಲ್ಲಿರುವ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ ಎಂದು ಓದಿದ ಅಮ್ಮ, ಹೆದರಿಕೊಂಡು ಸೊಪ್ಪು, ರಾಗಿಮುದ್ದೆ, ಬೆಲ್ಲ ಎಲ್ಲವನ್ನೂ ನಿಲ್ಲಿಸಿಬಿಟ್ಟಿದ್ದಾರೆ. ರೇಷನ್ ಅಕ್ಕಿಗೂ ಈಗ ಕಬ್ಬಿಣ ಸೇರಿಸುತ್ತಾರಂತೆ, ಅದೂ ಬೇಡ ಎನ್ನುತ್ತಿದ್ದಾರೆ. ರಕ್ತಹೀನತೆಯಿಂದ ಮೆಟ್ಟಿಲು ಹತ್ತಲೂ ಆಗದಿರುವ ಹುಡುಗಿಗೆ ಕಬ್ಬಿಣವನ್ನೇ ಕೊಡಬಾರದು ಎಂದರೆ ಏನು ಮಾಡುವುದು? ಈ ಬ್ಯಾಕ್ಟೀರಿಯಾದ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಜೀವಾಣುಲೋಕ

ತುಂಗಾತೀರ ಅವರೇ, ನಾನು ವೈದ್ಯನಲ್ಲ, ಸೂಕ್ಷ್ಮಜೀವಿಶಾಸ್ತ್ರವನ್ನು ಬೋಧಿಸುವವನು. ಚಿಕಿತ್ಸೆಯ ಮಾತನ್ನು ವೈದ್ಯರಿಗೆ ಬಿಟ್ಟು, ಬ್ಯಾಕ್ಟೀರಿಯಾದ ಮಾತನ್ನಷ್ಟೇ ಹೇಳುತ್ತೇನೆ. ನಿಮ್ಮ ತಾಯಿಯವರು ಓದಿದ್ದರಲ್ಲಿ ಹುರುಳಿದೆ. ಆದರೆ ಅದರಿಂದ ಅವರು ತೆಗೆದುಕೊಂಡ ತೀರ್ಮಾನ ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಾವು ಬಾಯಿಯ ಮೂಲಕ ತೆಗೆದುಕೊಳ್ಳುವ ಕಬ್ಬಿಣವು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಅಂದರೆ ಡುವೋಡಿನಮ್‌ನಲ್ಲಿ ಮತ್ತು ಅದರ ಆಚೀಚೆ ಹೀರಿಕೆಯಾಗುತ್ತದೆ. ಮಾತ್ರೆಯ ರೂಪದಲ್ಲಿ ದೊಡ್ಡ ಪ್ರಮಾಣದ ಕಬ್ಬಿಣ ಒಮ್ಮೆಲೇ ಬಂದಾಗ ದೇಹ ಅದರಲ್ಲಿ ಸಣ್ಣ ಪಾಲನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಉಳಿದದ್ದು, ಸಾಮಾನ್ಯವಾಗಿ ಶೇ. 80ಕ್ಕಿಂತ ಹೆಚ್ಚು, ಕೆಳಗಿಳಿದು ದೊಡ್ಡ ಕರುಳನ್ನು ಸೇರುತ್ತದೆ. ಬ್ಯಾಕ್ಟೀರಿಯಾಗಳ ಮಹಾಸಂತೆ ನೆರೆದಿರುವುದು ಅಲ್ಲಿಯೇ, ಅಲ್ಸರೇಟಿವ್ ಕೊಲೈಟಿಸ್‌ನ ಹುಣ್ಣುಗಳಿರುವುದೂ ಅಲ್ಲಿಯೇ.

ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಕಬ್ಬಿಣ ಬೇಕು, ಆದರೆ ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಬೇಡ. ಇ. ಕೋಲೈ, ಸಾಲ್ಮೊನೆಲ್ಲಾ ಮುಂತಾದವು ಸೇರಿರುವ ಎಂಟೆರೋಬ್ಯಾಕ್ಟೀರಿಯಾ ಕುಟುಂಬವು ಕಬ್ಬಿಣಕ್ಕಾಗಿ ತೀವ್ರವಾಗಿ ಪೈಪೋಟಿ ನಡೆಸುತ್ತದೆ. ಅವು ಸಿಡರೋಫೋರ್ ಎಂಬ ಸಣ್ಣ ಅಣುಗಳನ್ನು ತಯಾರಿಸಿ ಹೊರಬಿಡುತ್ತವೆ. ಆ ಅಣುಗಳು ಸುತ್ತಲಿನ ಕಬ್ಬಿಣವನ್ನು ಕಚ್ಚಿಹಿಡಿದು ತಂದುಕೊಡುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಮೊಸರಿನಲ್ಲಿ ನಾವು ಕಾಣುವ ಲ್ಯಾಕ್ಟೋಬ್ಯಾಸಿಲಸ್ ಬಗೆಯ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣದ ಅಗತ್ಯ ತೀರಾ ಕಡಿಮೆ, ಅವು ಹಲವು ಕೆಲಸಗಳಿಗೆ ಮ್ಯಾಂಗನೀಸನ್ನು ಬಳಸುತ್ತವೆ. ಹಾಗಾಗಿ ದೊಡ್ಡ ಕರುಳಿನಲ್ಲಿ ಕಬ್ಬಿಣ ದಿಢೀರನೆ ಹೆಚ್ಚಿದರೆ ಅದರ ಲಾಭ ಮೊದಲ ಗುಂಪಿಗೆ ಹೆಚ್ಚಾಗಿ ಸಿಗುತ್ತದೆ.

ನಮ್ಮ ದೇಹಕ್ಕೂ ಈ ಸಂಗತಿ ಗೊತ್ತು. ಉರಿಯೂತವಾದಾಗ ಬಿಳಿ ರಕ್ತಕಣಗಳೂ ಕರುಳಿನ ಗೋಡೆಯ ಕೋಶಗಳೂ ಲಿಪೊಕ್ಯಾಲಿನ್-2 ಎಂಬ ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ. ಅದು ಇ. ಕೋಲೈ ಹೊರಬಿಟ್ಟ ಎಂಟೆರೋಬ್ಯಾಕ್ಟಿನ್ ಎಂಬ ಸಿಡರೋಫೋರನ್ನೇ ಹಿಡಿದು ನಿಲ್ಲಿಸುತ್ತದೆ. ಸಾಲ್ಮೊನೆಲ್ಲಾ ತನ್ನ ಸಿಡರೋಫೋರಿನ ಆಕಾರವನ್ನು ಸ್ವಲ್ಪ ಬದಲಿಸಿ ಈ ಹಿಡಿತದಿಂದ ನುಣುಚಿಕೊಳ್ಳುತ್ತದೆ. ನಿಮ್ಮ ತಂಗಿಯವರಿಗೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿರಬಹುದು. ಆ ಕ್ಯಾಲ್‌ಪ್ರೊಟೆಕ್ಟಿನ್ ಕೂಡ ಬ್ಯಾಕ್ಟೀರಿಯಾಗಳಿಗೆ ಸತು, ಮ್ಯಾಂಗನೀಸ್‌ನಂಥ ಲೋಹಗಳು ದಕ್ಕದಂತೆ ಮಾಡುವ ಪ್ರೋಟೀನೇ. ಉರಿಯೂತದ ಅಳತೆಗೋಲಾಗಿ ವೈದ್ಯರು ಬಳಸುವ ವಸ್ತುವು ಲೋಹಗಳಿಗಾಗಿ ನಡೆಯುತ್ತಿರುವ ಈ ಸೆಣಸಾಟದ ಒಂದು ಆಯುಧವೂ ಆಗಿದೆ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತೇನೆ.

ಮನುಷ್ಯರಲ್ಲಿ ಇದಕ್ಕೆ ಪುರಾವೆ ಇದೆಯೇ ಎಂದರೆ, ಇದೆ. ಐವರಿ ಕೋಸ್ಟ್ ದೇಶದ ಶಾಲಾಮಕ್ಕಳಿಗೆ ಆರು ತಿಂಗಳು ಕಬ್ಬಿಣ ಸೇರಿಸಿದ ಬಿಸ್ಕತ್ತು ಕೊಟ್ಟು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟೆರೋಬ್ಯಾಕ್ಟೀರಿಯಾಗಳು ಹೆಚ್ಚಿದವು, ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾದವು, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಏರಿತು. ಕೀನ್ಯಾದ ಹಸುಗೂಸುಗಳಲ್ಲಿ ಕಬ್ಬಿಣವಿರುವ ಪೋಷಕಾಂಶದ ಪುಡಿಯನ್ನು ಬಳಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂತು. ಆದರೆ ದಕ್ಷಿಣ ಆಫ್ರಿಕಾದಲ್ಲಿ, ಕರುಳಿನಲ್ಲಿ ರೋಗಕಾರಕಗಳು ಮೊದಲೇ ಕಡಿಮೆಯಿದ್ದ ಮಕ್ಕಳಲ್ಲಿ, ಕಬ್ಬಿಣದ ಮಾತ್ರೆಯಿಂದ ಅಂಥ ಬದಲಾವಣೆ ಕಂಡುಬರಲಿಲ್ಲ. ಕರುಳಿನಲ್ಲಿ ಯಾರು ನೆಲೆಸಿದ್ದಾರೆ ಎಂಬುದರ ಮೇಲೆ ಕಬ್ಬಿಣದ ಪರಿಣಾಮ ನಿಂತಿದೆ ಎಂಬುದು ಇವೆಲ್ಲವನ್ನೂ ಒಟ್ಟಿಗಿಟ್ಟು ಓದಿದಾಗ ತಿಳಿಯುತ್ತದೆ.

ಇವರೆಲ್ಲ ಉರಿಯೂತದ ಕಾಯಿಲೆಯಿಲ್ಲದ ಮಕ್ಕಳು. ಕಾಯಿಲೆ ಇದ್ದವರ ಬಗ್ಗೆ ನೇರವಾಗಿ ಹೇಳುವುದು ಕೆನಡಾ ಮತ್ತು ಜರ್ಮನಿಯ ಸಂಶೋಧಕರು ಕೂಡಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನ. ಕಬ್ಬಿಣದ ಕೊರತೆಯಿದ್ದ ಕ್ರೋನ್ಸ್ (ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ) ಮತ್ತು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಕೆಲವರಿಗೆ ಮೂರು ತಿಂಗಳು ಫೆರಸ್ ಸಲ್ಫೇಟ್ ಮಾತ್ರೆ, ಇನ್ನು ಕೆಲವರಿಗೆ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಕೊಟ್ಟು ಮಲದ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ನೋಡಿದರು. ಎರಡೂ ದಾರಿಗಳಿಂದ ಕೊರತೆ ತುಂಬಿತು. ಆದರೆ ಮಾತ್ರೆ ನುಂಗಿದವರಲ್ಲಿ ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿಯಂಥ ಕೆಲವು ಜಾತಿಗಳು ಡ್ರಿಪ್ ಪಡೆದವರಿಗಿಂತ ಕಡಿಮೆಯಿದ್ದವು. ಈ ಬ್ಯಾಕ್ಟೀರಿಯಾ ನಾರಿನಂಶವನ್ನು ಹುಳಿಸಿ ಬ್ಯುಟಿರೇಟ್ ತಯಾರಿಸುತ್ತದೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಕ್ರೋನ್ಸ್ ರೋಗಿಗಳಲ್ಲಿ ಈ ಬ್ಯಾಕ್ಟೀರಿಯಾ ಮೊದಲೇ ಕಡಿಮೆಯಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ವ್ಯತ್ಯಾಸದ ತೂಕ ಅರ್ಥವಾಗುತ್ತದೆ.

ಹೊಳೆಬದಿಯ ಓದುಗ

ಮೇಲಿನ ವಿವರಣೆ ಓದಿದರೆ ತಾಯಿಯವರು ಮಾಡಿದ್ದೇ ಸರಿ ಅನ್ನಿಸುವುದಿಲ್ಲವೇ? ಕಬ್ಬಿಣವಿಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಕರುಳಿನ ಉರಿಯೂತವೇ ಬರಲಿಲ್ಲ ಎಂದು ನಾನೂ ಎಲ್ಲೋ ಓದಿದ ನೆನಪಿದೆ. ಕಾಯಿಲೆ ಶಾಂತವಾಗುವವರೆಗಾದರೂ ಕಬ್ಬಿಣಾಂಶದ ಆಹಾರವನ್ನು ಬಿಟ್ಟರೆ ಒಳ್ಳೆಯದಲ್ಲವೇ?

ಜೀವಾಣುಲೋಕ

ತಾವು ಹೇಳುತ್ತಿರುವುದು ಮ್ಯೂನಿಕ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಕೆಲಸವನ್ನು ಎಂದು ತೋರುತ್ತದೆ. ಕ್ರೋನ್ಸ್ ಕಾಯಿಲೆಯನ್ನು ಹೋಲುವ ಉರಿಯೂತ ತಾನಾಗಿಯೇ ಬರುವಂತೆ ವಂಶವಾಹಿ ಬದಲಿಸಿದ ಇಲಿಗಳಿಗೆ ಫೆರಸ್ ಸಲ್ಫೇಟ್ ಇಲ್ಲದ ಆಹಾರ ಕೊಟ್ಟಾಗ ಸಣ್ಣ ಕರುಳಿನ ಉರಿಯೂತ ಬರಲಿಲ್ಲ ಎಂಬುದು ನಿಜ. ಆದರೆ ಆ ಪ್ರಯೋಗದ ಇನ್ನೊಂದು ಅರ್ಧವನ್ನು ಬಿಡಬಾರದು. ಅದೇ ಇಲಿಗಳಿಗೆ ಕಬ್ಬಿಣವನ್ನು ಬಾಯಿಗೆ ಕೊಡದೆ ಚುಚ್ಚುಮದ್ದಿನ ಮೂಲಕ ಕೊಟ್ಟಾಗಲೂ ಉರಿಯೂತ ಬರಲಿಲ್ಲ. ಅಂದರೆ ತೊಂದರೆ ದೇಹದೊಳಗಿನ ಕಬ್ಬಿಣದ್ದಲ್ಲ, ಕರುಳಿನ ಟೊಳ್ಳಿನಲ್ಲಿ ಹೀರಿಕೆಯಾಗದೆ ಕುಳಿತ ಕಬ್ಬಿಣದ್ದು. ಈ ಭೇದವನ್ನು ಮರೆತರೆ ರೋಗಿಯನ್ನು ಉಪವಾಸ ಕೆಡವಿ ರಕ್ತಹೀನತೆಯನ್ನು ಬೆಳೆಸಿದಂತಾಗುತ್ತದೆ.

ಮತ್ತೊಂದು ಸಂಗತಿ. ಬ್ಯುಟಿರೇಟ್ ತಯಾರಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಆಹಾರದಿಂದ ಕಬ್ಬಿಣವನ್ನು ತೀರಾ ಕಡಿಮೆ ಮಾಡಿದಾಗ ಅವುಗಳ ಕರುಳಿನಲ್ಲಿ ಬ್ಯುಟಿರೇಟ್ ಕುಸಿಯಿತು, ಕಬ್ಬಿಣವನ್ನು ಮರಳಿ ಕೊಟ್ಟಾಗ ಚೇತರಿಸಿಕೊಂಡಿತು. ಅತಿಯಾದರೆ ಒಂದು ಬಗೆಯ ಕೇಡು, ತೀರಾ ಇಲ್ಲದಿದ್ದರೆ ಇನ್ನೊಂದು ಬಗೆಯ ಕೇಡು. ಆದ್ದರಿಂದ ಆಹಾರವನ್ನು ಬಿಡಿಸುವ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ.

ಜಠರವೈದ್ಯೆ

ಕರುಳಿನ ಕಾಯಿಲೆಗಳ ವೈದ್ಯೆಯಾಗಿ ಒಂದೆರಡು ಮಾತು ಸೇರಿಸುತ್ತೇನೆ. ರೋಗಿಯನ್ನು ನೋಡದೆ ನಾನು ಔಷಧ ಹೇಳಲಾರೆ, ಆದರೆ ನೀವು ಕೊಟ್ಟ ಅಂಕಿಗಳನ್ನು ಹೇಗೆ ಓದಬೇಕೆಂದು ಹೇಳಬಲ್ಲೆ.

ಫೆರಿಟಿನ್ 48 ಇದೆಯೆಂದರೆ ಲ್ಯಾಬ್ ರಿಪೋರ್ಟಿನಲ್ಲಿ ಅದು ನಾರ್ಮಲ್ ಎಂದೇ ಅಚ್ಚಾಗಿರುತ್ತದೆ. ಆದರೆ ಫೆರಿಟಿನ್ ಉರಿಯೂತದಲ್ಲಿ ತಾನಾಗಿಯೇ ಏರುವ ಪ್ರೋಟೀನು. ಕಾಯಿಲೆ ಶಾಂತವಾಗಿರುವಾಗ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಎನ್ನುತ್ತೇವೆ, ಉರಿಯೂತ ಇರುವಾಗ 100ರವರೆಗೂ ಕೊರತೆ ಇರಬಹುದು ಎಂದು ಯುರೋಪಿನ ಕ್ರೋನ್ಸ್ ಮತ್ತು ಕೊಲೈಟಿಸ್ ತಜ್ಞರ ಸಂಘಟನೆಯ 2015ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ತಂಗಿಯ ಸಿಆರ್‌ಪಿ ಏರಿದೆ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 20ಕ್ಕಿಂತ ಬಹಳ ಕೆಳಗಿದೆ. ಇದು ಕಬ್ಬಿಣದ ಕೊರತೆಯೇ, ಜೊತೆಗೆ ಉರಿಯೂತದಿಂದ ಬಂದ ರಕ್ತಹೀನತೆಯೂ ಬೆರೆತಿದೆ ಎಂದು ತೋರುತ್ತದೆ.

ಇನ್ನು ಮಾತ್ರೆಯ ವಿಚಾರ. ಉರಿಯೂತ ಇರುವಾಗ ಇಂಟರ್‌ಲ್ಯೂಕಿನ್-6 ಎಂಬ ಸಂಕೇತದಿಂದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಕರುಳಿನ ಕೋಶದಿಂದ ರಕ್ತಕ್ಕೆ ಕಬ್ಬಿಣವನ್ನು ದಾಟಿಸುವ ಫೆರೋಪೋರ್ಟಿನ್ ಎಂಬ ಬಾಗಿಲನ್ನು ಅದು ಮುಚ್ಚಿಬಿಡುತ್ತದೆ. ಆಗ ಮಾತ್ರೆಯ ಕಬ್ಬಿಣ ಇನ್ನೂ ಕಡಿಮೆ ಹೀರಿಕೆಯಾಗಿ, ಇನ್ನೂ ಹೆಚ್ಚು ಕೆಳಗಿಳಿಯುತ್ತದೆ. ಜೀವಾಣುಲೋಕ ಅವರು ಹೇಳಿದ ತೊಂದರೆ ಅತಿ ಹೆಚ್ಚಾಗುವುದು ಮಾತ್ರೆಯಿಂದ ಪ್ರಯೋಜನ ಅತಿ ಕಡಿಮೆ ಇರುವ ಈ ಹೊತ್ತಿನಲ್ಲಿಯೇ. ಫೆರಸ್ ಸಲ್ಫೇಟ್ ಮಾತ್ರೆಯೊಂದರಲ್ಲಿ ಸುಮಾರು 60 ಮಿಲಿಗ್ರಾಂ ಶುದ್ಧ ಕಬ್ಬಿಣ ಇರುತ್ತದೆ, ದಿನಕ್ಕೆ ಎರಡೆಂದರೆ 120. ಮಾತ್ರೆಯನ್ನು ಕೊಡಬಹುದಾದ, ಸೌಮ್ಯ ರಕ್ತಹೀನತೆಯ ಮತ್ತು ಕಾಯಿಲೆ ಶಾಂತವಾಗಿರುವ ರೋಗಿಗಳಿಗೂ ದಿನಕ್ಕೆ 100 ಮಿಲಿಗ್ರಾಂ ಮೀರಬಾರದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಕಾಯಿಲೆ ಕೆರಳಿರುವವರಿಗೆ, ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿರುವವರಿಗೆ ಮತ್ತು ಮಾತ್ರೆ ಒಗ್ಗದವರಿಗೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಮೊದಲ ಆಯ್ಕೆ. ನೀವು ವಿವರಿಸಿದ ಸ್ಥಿತಿಯಲ್ಲಿ ಈ ಮೂರೂ ಇವೆ.

ಎಷ್ಟು ಬೇಕಾಗುತ್ತದೆ ಎಂಬ ಲೆಕ್ಕವನ್ನು ನೋಡಿದರೆ ಆಹಾರದಿಂದ ಮಾತ್ರ ಇದನ್ನು ತುಂಬಲು ಏಕೆ ಆಗುವುದಿಲ್ಲ ಎಂಬುದೂ ತಿಳಿಯುತ್ತದೆ. ಹಳೆಯ ಗ್ಯಾನ್ಝೋನಿ ಸೂತ್ರದ ಪ್ರಕಾರ ತೂಕವನ್ನು ಹಿಮೋಗ್ಲೋಬಿನ್ ಕೊರತೆಯಿಂದಲೂ 2.4ರಿಂದಲೂ ಗುಣಿಸಿ, ಸಂಗ್ರಹಕ್ಕೆಂದು 500 ಕೂಡಿಸಬೇಕು. ಗುರಿ 15 ಎಂದಿಟ್ಟುಕೊಂಡರೆ ನಿಮ್ಮ ತಂಗಿಗೆ ಸುಮಾರು 1200 ಮಿಲಿಗ್ರಾಂ ಬರುತ್ತದೆ. ಈಗ ಹೆಚ್ಚಾಗಿ ಬಳಸುವ ಸರಳ ಕೋಷ್ಟಕದಲ್ಲಿ ಇದೇ ತೂಕ ಮತ್ತು ಹಿಮೋಗ್ಲೋಬಿನ್‌ಗೆ 1500 ಎಂದಿದೆ. ಆರೋಗ್ಯವಂತರ ಕರುಳೇ ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ ಹೀರಿಕೊಳ್ಳುತ್ತದೆ. ಆಕೆಯ ಈಗಿನ ರಕ್ತದ ಪ್ರತಿ 10 ಮಿಲೀ ಹೊರಹೋದಾಗ ಸುಮಾರು 3 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ರಕ್ತಸ್ರಾವ ನಿಲ್ಲದೆ ಎಷ್ಟು ತುಂಬಿದರೂ ಸೋರಿಹೋಗುವುದರಿಂದ, ಕರುಳಿನ ಉರಿಯೂತಕ್ಕೆ ಕೊಡುವ ಚಿಕಿತ್ಸೆಯನ್ನು ಗಟ್ಟಿಗೊಳಿಸುವುದು ಇದಕ್ಕಿಂತಲೂ ಮುಖ್ಯ. ದಯಮಾಡಿ ಈ ವಾರವೇ ಗ್ಯಾಸ್ಟ್ರೋ ತಜ್ಞರನ್ನು ಕಾಣಿಸಿ. ಬಿ12 ಮತ್ತು ಫೋಲೇಟ್ ಕೂಡ ಪರೀಕ್ಷಿಸಲು ಕೇಳಿ.

ಕಪ್ಪು ಮಲದ ಬಗ್ಗೆ: ಐರನ್ ಮಾತ್ರೆಯಿಂದ ಹಾಗಾಗುವುದು ಸಹಜ. ಆದರೆ ಟಾರಿನಂತೆ ಅಂಟಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಅಥವಾ ತಲೆಸುತ್ತು ಬಂದರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಹಪಯಣಿಗ

ನನಗೆ ಹಲವು ವರ್ಷಗಳಿಂದ ಕ್ರೋನ್ಸ್ ಇದೆ. ಮಾತ್ರೆ ಒಗ್ಗದೆ ಡ್ರಿಪ್‌ನಲ್ಲಿ ಕಬ್ಬಿಣ ತೆಗೆದುಕೊಂಡವರಲ್ಲಿ ನಾನೂ ಒಬ್ಬ. ತಂಗಿಯವರಿಗೆ ಧೈರ್ಯ ಹೇಳಿ. ಡೇ ಕೇರ್‌ನಲ್ಲಿ ಕುಳಿತು ತೆಗೆದುಕೊಂಡು ಅದೇ ದಿನ ಮನೆಗೆ ಬರಬಹುದು. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ ಕಡಿಮೆ ಪ್ರಮಾಣ ಕೊಡುವುದರಿಂದ ಹಲವು ಸಲ ಹೋಗಬೇಕಾಗುತ್ತದೆ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೆರಡು ಸಲದಲ್ಲಿ ಮುಗಿಯುತ್ತದೆ, ಆದರೆ ಬೆಲೆ ಹೆಚ್ಚು. ಎರಡರ ಒಟ್ಟು ಖರ್ಚನ್ನೂ, ಓಡಾಟದ ಖರ್ಚನ್ನೂ ಸೇರಿಸಿ ಮೊದಲೇ ವಿಚಾರಿಸಿಕೊಳ್ಳಿ. ಆಯಾಸ ಎಂಬುದು ಸೋಮಾರಿತನವಲ್ಲ ಎಂದು ಮನೆಯವರು ಅರ್ಥಮಾಡಿಕೊಂಡರೆ ರೋಗಿಗೆ ಅರ್ಧ ಬಲ ಬಂದಂತೆ. ನೀವು ಇಷ್ಟು ಕಾಳಜಿಯಿಂದ ಕೇಳುತ್ತಿರುವುದನ್ನು ನೋಡಿ ಸಂತೋಷವಾಯಿತು.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ತಜ್ಞರ ಭೇಟಿಗೆ ಸಮಯ ಪಡೆದಿದ್ದೇವೆ, ಅಲ್ಲಿಯವರೆಗೆ ಮಾತ್ರೆಯನ್ನು ಏನು ಮಾಡಬೇಕೆಂದು ನಮ್ಮ ವೈದ್ಯರನ್ನು ಫೋನಿನಲ್ಲಿ ಕೇಳಿದ್ದೇವೆ. ಊಟದ ವಿಷಯದಲ್ಲಿ ಅಮ್ಮನಿಗೆ ಇನ್ನೂ ಅನುಮಾನ ಉಳಿದಿದೆ. ಮಾತ್ರೆಯ ಕಬ್ಬಿಣ ಕೆಳಗಿಳಿಯುವುದಾದರೆ ಸೊಪ್ಪಿನ ಕಬ್ಬಿಣವೂ, ಅಕ್ಕಿಯ ಕಬ್ಬಿಣವೂ ಇಳಿಯುತ್ತದಲ್ಲವೇ ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಲಿ?

ಪಥ್ಯದಡುಗೆ

ಅಮ್ಮನವರ ಪ್ರಶ್ನೆ ನ್ಯಾಯವಾದದ್ದು. ನಾನು ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆ, ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ.

ಸೊಪ್ಪು, ರಾಗಿಯ ಕಬ್ಬಿಣದಲ್ಲೂ ಹೆಚ್ಚಿನ ಪಾಲು ಹೀರಿಕೆಯಾಗುವುದಿಲ್ಲ, ಅದು ನಿಜ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 4ರಿಂದ 5 ಮಿಲಿಗ್ರಾಂ ಕಬ್ಬಿಣವಿದೆ. ಸಾರವರ್ಧಿತ, ಅಂದರೆ ಕಬ್ಬಿಣ ಸೇರಿಸಿದ ಅಕ್ಕಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಿಗದಿಪಡಿಸಿರುವುದು ಕಿಲೋಗೆ 28ರಿಂದ 42.5 ಮಿಲಿಗ್ರಾಂ, ಅಂದರೆ 100 ಗ್ರಾಂ ಅಕ್ಕಿಗೆ ಹೆಚ್ಚೆಂದರೆ 4 ಮಿಲಿಗ್ರಾಂ ಚಿಲ್ಲರೆ. ಮುದ್ದೆ, ಅನ್ನ, ಸಾರು ಎಲ್ಲ ಸೇರಿದರೂ ದಿನವಿಡೀ ಊಟದಿಂದ ಬರುವ ಕಬ್ಬಿಣ ಒಂದೇ ಒಂದು ಮಾತ್ರೆಯಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಅಲ್ಲದೆ ಅದು ಒಮ್ಮೆಲೇ ಬಾರದೆ ಹೊತ್ತು ಹೊತ್ತಿಗೆ ಹಂಚಿಹೋಗುತ್ತದೆ, ನಾರಿನಂಶದೊಂದಿಗೆ ಬೆರೆತು ಬರುತ್ತದೆ. ರಾಗಿಯಲ್ಲಿರುವ ಫೈಟೇಟ್ ಕಬ್ಬಿಣವನ್ನು ಕಟ್ಟಿಹಾಕುವುದರಿಂದ ಕರುಳಿನಲ್ಲಿ ಅದು ಮಾತ್ರೆಯ ಕಬ್ಬಿಣದಷ್ಟು ಬಿಡುವಾಗಿಯೂ ಇರುವುದಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾದ ಭಯದಿಂದ ಮನೆಯ ಊಟವನ್ನಾಗಲಿ ರೇಷನ್ ಅಕ್ಕಿಯನ್ನಾಗಲಿ ನಿಲ್ಲಿಸುವುದಕ್ಕೆ ಕಾರಣವಿಲ್ಲ.

ಈಗ ಬೇರೆ ಕಾರಣಕ್ಕೆ ಒಂದು ಎಚ್ಚರಿಕೆ. ಕಾಯಿಲೆ ಕೆರಳಿರುವ ದಿನಗಳಲ್ಲಿ ಒರಟು ನಾರು ಹೊಟ್ಟೆನೋವನ್ನು ಹೆಚ್ಚಿಸಬಹುದು. ಮುದ್ದೆ ಭಾರವೆನಿಸಿದರೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ಸೋಸಿ ತೆಳುವಾದ ಅಂಬಲಿ ಮಾಡಿಕೊಡಿ. ಮೊಳಕೆ ಕಟ್ಟಿದಾಗ ಫೈಟೇಟ್ ಕಡಿಮೆಯಾಗಿ ಹೀರಿಕೆಯೂ ಸ್ವಲ್ಪ ಸುಧಾರಿಸುತ್ತದೆ. ಸೊಪ್ಪನ್ನು ದಂಟು ತೆಗೆದು ಚೆನ್ನಾಗಿ ಬೇಯಿಸಿ, ಬೇಳೆಯೊಂದಿಗೆ ಮಸೆದು ಹಾಕಿ, ಮೇಲೆ ನಿಂಬೆರಸ ಹಿಂಡಿ. ಊಟದ ಜೊತೆ ಕಾಫಿ, ಟೀ ಬೇಡ, ಗಂಟೆಯಾದ ಮೇಲೆ ಕುಡಿಯಲಿ. ಮಾಂಸ ತಿನ್ನುವವರಾದರೆ ಮೀನು, ಕೋಳಿ ಒಳ್ಳೆಯದು. ಕೆಂಪು ಮಾಂಸದ ಹೀಮ್ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ, ಆದರೆ ಹೀಮ್ ಹೆಚ್ಚಿದ ಆಹಾರ ಇಲಿಗಳಲ್ಲಿ ಕೊಲೈಟಿಸನ್ನು ಉಲ್ಬಣಗೊಳಿಸಿದ್ದು ಕಂಡುಬಂದಿರುವುದರಿಂದ ಕಾಯಿಲೆ ಕೆರಳಿರುವಾಗ ಅದನ್ನು ಮಿತವಾಗಿಡಿ ಎಂದು ನಾನು ಹೇಳುತ್ತೇನೆ. ಬೆಲ್ಲವನ್ನು ರುಚಿಗೆ ಬಳಸಿ, ಔಷಧವೆಂದು ಬಳಸಬೇಡಿ.

ಜಠರವೈದ್ಯೆ

ಪಥ್ಯದಡುಗೆ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಡ್ರಿಪ್ ತೆಗೆದುಕೊಳ್ಳುವುದೆಂದು ತೀರ್ಮಾನವಾದರೆ ತಜ್ಞರ ಬಳಿ ಮೂರು ವಿಷಯ ಮಾತನಾಡಿ. ಜ್ವರ ಅಥವಾ ಸೋಂಕು ಇದ್ದರೆ ಮೊದಲೇ ತಿಳಿಸಿ, ಏಕೆಂದರೆ ರಕ್ತದಲ್ಲಿ ಸೋಂಕು ಹರಡಿರುವಾಗ ಕಬ್ಬಿಣವನ್ನು ರಕ್ತನಾಳಕ್ಕೆ ಕೊಡುವುದಿಲ್ಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಪಡೆದ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿಯುತ್ತದೆ. ಡ್ರಿಪ್ ಆದ ವಾರಗಳಲ್ಲಿ ಆಯಾಸ ಕಡಿಮೆಯಾಗುವ ಬದಲು ಹೆಚ್ಚಿದರೆ, ಅಥವಾ ಮೂಳೆನೋವು ಬಂದರೆ, ಫಾಸ್ಫೇಟ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಅನ್ನು ನಾಲ್ಕು ವಾರಕ್ಕೆ ನೋಡಬಹುದು, ಅಷ್ಟರಲ್ಲಿ 2ರಷ್ಟು ಏರಿದ್ದರೆ ಚಿಕಿತ್ಸೆ ಫಲಿಸುತ್ತಿದೆ ಎಂದರ್ಥ. ಆದರೆ ಫೆರಿಟಿನ್ ಡ್ರಿಪ್ ಆದ ಕೂಡಲೇ ಸುಮ್ಮನೆ ಮೇಲೇರಿ ದಾರಿತಪ್ಪಿಸುತ್ತದೆ, ಅದನ್ನು ಎಂಟು ವಾರ ಕಳೆದ ಮೇಲಷ್ಟೇ ಮಾಡಿಸಿ. ಆಮೇಲೆ ಒಂದು ವರ್ಷ ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು, ಕಬ್ಬಿಣದ ಕೊರತೆ ಈ ಕಾಯಿಲೆಯಲ್ಲಿ ಮರುಕಳಿಸುವುದು ಬಹಳ ಸಾಮಾನ್ಯ.